ಸೀಸೆಯೊಳಗಿನ ಗುಳ್ಳೆ: ಕಡಲಡಿಯ ಭಾರ ತೈಲ ಕ್ಷೇತ್ರವೊಂದರ ಪ್ರಕರಣ ಅಧ್ಯಯನ

ಇಲ್ಲಿ ಬರುವ ತೈಲ ಕ್ಷೇತ್ರ ಉತ್ತರದ ತಣ್ಣನೆಯ ಸಮುದ್ರವೊಂದರ ತಳದಲ್ಲಿದೆ. ಅದರ ಹೆಸರನ್ನಾಗಲಿ, ಕಂಪನಿಯ ಹೆಸರನ್ನಾಗಲಿ, ನನ್ನ ಜೊತೆ ಕೆಲಸ ಮಾಡಿದವರ ಗುರುತನ್ನಾಗಲಿ ಕೊಟ್ಟಿಲ್ಲ. ಕ್ಷೇತ್ರದ ಅಂಕಿಗಳನ್ನೂ ಗುರುತು ಹತ್ತದಂತೆ ಸ್ವಲ್ಪ ಹಿಂದುಮುಂದು ಮಾಡಿದ್ದೇನೆ. ನಿರ್ಧಾರಗಳು ಮಾತ್ರ ನಡೆದದ್ದು ನಡೆದಂತೆಯೇ ಇವೆ. ದಾವಣಗೆರೆ, ಚಿತ್ರದುರ್ಗದ ಕಡೆಯಿಂದ ಭೂವಿಜ್ಞಾನವನ್ನೋ ಎಂಜಿನಿಯರಿಂಗನ್ನೋ ಓದಿ ತೈಲೋದ್ಯಮಕ್ಕೆ ಹೊರಡುವ ಹುಡುಗ ಹುಡುಗಿಯರು ಊರಿಗೆ ಬಂದಾಗ ನನ್ನನ್ನು ಭೇಟಿಯಾಗುತ್ತಾರೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಅಲ್ಲಿ ಎಷ್ಟು ಎಣ್ಣೆ ಇದೆ?" ಇದೇ ಪ್ರಶ್ನೆಯ ಬೆನ್ನು ಹತ್ತಿ ನಮ್ಮ ತಂಡ ತಿಂಗಳುಗಟ್ಟಲೆ ಕಾಲ ಕಳೆದುಕೊಂಡಿತು. ಆ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮ ಕಡೆ ಎಣ್ಣೆ ಎಂದರೆ ಚಳ್ಳಕೆರೆ. ಶೇಂಗಾ ಎಣ್ಣೆಯ ಮಿಲ್ಲುಗಳಿಂದಾಗಿಯೇ ಎಣ್ಣೆ ನಗರಿ ಎಂದು ಹೆಸರಾದ ಊರು. ನನ್ನ ದೊಡ್ಡಪ್ಪ ಅಲ್ಲಿ ಹಲವು ದಶಕ ಮಿಲ್ಲು ನಡೆಸಿದವರು. ಶೇಂಗಾ ಎಣ್ಣೆಗೂ ಹರಳೆಣ್ಣೆಗೂ ಇರುವ ವ್ಯತ್ಯಾಸ ತಿಳಿದವರಿಗೆ ಹಗುರ ತೈಲಕ್ಕೂ ಭಾರ ತೈಲಕ್ಕೂ ಇರುವ ವ್ಯತ್ಯಾಸವನ್ನು ಬೇರೆಯಾಗಿ ಹೇಳಬೇಕಿಲ್ಲ. ಒಂದು ಸುರಿದರೆ ಓಡುತ್ತದೆ, ಇನ್ನೊಂದು ನೂಲಿನಂತೆ ಎಳೆಯುತ್ತ ಇಳಿಯುತ್ತದೆ. ಹೀಗೆ ಎಳೆಯುವ ಗುಣವನ್ನು ಸ್ನಿಗ್ಧತೆ ಎನ್ನುತ್ತೇವೆ, ಅದನ್ನು ಸೆಂಟಿಪಾಯ್ಸ್‌ನಲ್ಲಿ ಅಳೆಯುತ್ತೇವೆ. ಕೋಣೆಯ ಉಷ್ಣತೆಯಲ್ಲಿ ನೀರಿನದು ಹೆಚ್ಚುಕಡಿಮೆ 1. ಹರಳೆಣ್ಣೆಯದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 650.

ತೈಲದ ತೂಕಕ್ಕೆ ಎಪಿಐ ಡಿಗ್ರಿ ಎಂಬ ಇನ್ನೊಂದು ಅಳತೆಯಿದೆ. ಇದರಲ್ಲಿ ಸಂಖ್ಯೆ ಇಳಿದಷ್ಟೂ ತೈಲ ಭಾರ. 10 ಡಿಗ್ರಿಯ ತೈಲ ನೀರಿನಷ್ಟೇ ತೂಗುತ್ತದೆ. ಸುಮಾರು 22ಕ್ಕಿಂತ ಕಡಿಮೆಯಿದ್ದರೆ ಅದನ್ನು ಭಾರ ತೈಲ ಎನ್ನುತ್ತಾರೆ. ನಮ್ಮ ಕ್ಷೇತ್ರದ ತೈಲ 12ರ ಆಸುಪಾಸಿನದು. ಅದು ಹುಟ್ಟಿನಿಂದಲೇ ಹಾಗಿರಲಿಲ್ಲ. ಭೂಮಿಯ ಮೇಲ್ಪದರಗಳಲ್ಲಿ, 80 ಡಿಗ್ರಿಗಿಂತ ತಣ್ಣಗಿರುವ ಮರಳುಗಲ್ಲಿನಲ್ಲಿ ಸೂಕ್ಷ್ಮಜೀವಿಗಳು ಬದುಕಬಲ್ಲವು. ಅವು ಲಕ್ಷಾಂತರ ವರ್ಷಗಳ ಕಾಲ ತೈಲದ ಹಗುರ ಅಂಶವನ್ನೆಲ್ಲ ತಿಂದು, ತಮಗೆ ಜೀರ್ಣವಾಗದ ಗಟ್ಟಿ ಅಂಶವನ್ನು ಉಳಿಸಿವೆ. ಈ ಜೀವಿಗಳಿಗೆ ನೀರೂ ಬೇಕು ಎಂಬ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಎಲ್ಲವೂ ಅದರ ಮೇಲೆಯೇ ನಿಂತಿತು.

ಇಂಥ ಕ್ಷೇತ್ರಗಳು ಸಿಕ್ಕ ಮೇಲೂ ದಶಕಗಟ್ಟಲೆ ಕಾಯುತ್ತವೆ. ಉತ್ತರ ಸಮುದ್ರದ ಕ್ಯಾಪ್ಟನ್ ಕ್ಷೇತ್ರ 1977ರಲ್ಲಿ ಪತ್ತೆಯಾಗಿ 1997ರಲ್ಲಿ ಉತ್ಪಾದನೆಗೆ ಬಂತು. ಮ್ಯಾರಿನರ್ ಸಿಕ್ಕಿದ್ದು 1981ರಲ್ಲಿ, ಮೊದಲ ತೈಲ ಬಂದದ್ದು 2019ರಲ್ಲಿ. ನೆಲದ ಮೇಲಾದರೆ ಭಾರ ತೈಲಕ್ಕೆ ಬೇರೆ ಉಪಾಯಗಳಿವೆ. ಗುಜರಾತಿನ ಮೆಹಸಾಣಾ ಬಳಿಯ ಬಲೋಲ್, ಸಂಥಾಲ್ ಕ್ಷೇತ್ರಗಳಲ್ಲಿ ನೆಲದಡಿಗೆ ಗಾಳಿ ತುಂಬಿ, ತೈಲದ ಒಂದು ಪಾಲನ್ನು ಅಲ್ಲಿಯೇ ಉರಿಸಿ, ಉಳಿದದ್ದನ್ನು ಕಾಯಿಸಿ ತೆಳುಮಾಡಿದರು. ಕಡಲಿನಲ್ಲಿ ಈ ದಾರಿ ಬಹಳ ಕಠಿಣ. ಬಾವಿಗಳು ದುಬಾರಿ, ಹತ್ತಿರ ಹತ್ತಿರ ಕೊರೆಯುವಂತಿಲ್ಲ, ಹಬೆ ಕಳಿಸಿದರೆ ಅದರ ಬಿಸಿ ದಾರಿಯಲ್ಲೇ ಕಡಲಿನ ಪಾಲಾಗುತ್ತದೆ. ಎಣ್ಣೆಯ ಪದರದೊಳಗೆ ಮಲಗಿದಂತೆ ಸಾಗುವ ಉದ್ದನೆಯ ಅಡ್ಡ ಬಾವಿ, ಬಲವಾದ ಪಂಪು, ಹಿಂದಿನಿಂದ ತಳ್ಳುವ ನೀರು: ಇಷ್ಟನ್ನೇ ನೆಚ್ಚಿಕೊಂಡು ಕೆಲಸ ಮಾಡಬೇಕು.

ನಮ್ಮ ಕ್ಷೇತ್ರದಲ್ಲಿ ಹಳೆಯ ಕಾಲದ ಎರಡು ಬಾವಿಗಳಿದ್ದವು. ಕೊರೆದವರು ಎಣ್ಣೆ ಕಂಡು, ಅದರ ದಪ್ಪ ಕಂಡು, ಮುಚ್ಚಿ ಹೋಗಿದ್ದರು. ಪರವಾನಗಿ ಕೈಯಿಂದ ಕೈಗೆ ದಾಟಿ ಒಂದು ಚಿಕ್ಕ ಕಂಪನಿಯ ಬಳಿ ಬಂತು. ಅಲ್ಲಿ ನಾನು ರಿಸರ್ವಾಯರ್ ಎಂಜಿನಿಯರ್. ಕಲ್ಲಿನ ರಂಧ್ರಗಳಲ್ಲಿ ತೈಲ ಹೇಗೆ ಚಲಿಸುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. 2020ರ ಮಾರ್ಚ್‌ನಲ್ಲಿ ತಂಗಿಯ ಮದುವೆಗೆಂದು ದಾವಣಗೆರೆಗೆ ಬಂದವಳು ಲಾಕ್‌ಡೌನ್‌ನಲ್ಲಿ ಸಿಕ್ಕಿಕೊಂಡೆ. ವಿದ್ಯಾನಗರದ ನಮ್ಮ ಮನೆಯ ಊಟದ ಮೇಜೇ ಕಚೇರಿಯಾಯಿತು. ಅವರ ಮಧ್ಯಾಹ್ನ 4ರ ಸಭೆ ನಮಗೆ ರಾತ್ರಿ ಎಂಟೂವರೆಗೆ. ಅಮ್ಮ ಅನ್ನದ ಪಾತ್ರೆಯನ್ನು ಸದ್ದಾಗದಂತೆ ಪಕ್ಕಕ್ಕೆ ಸರಿಸಿ ಹೋಗುತ್ತಿದ್ದರು.

ಸಮಸ್ಯೆ

ಕಂಪನಿಯಲ್ಲಿ ಹಣ ಇದ್ದದ್ದು ಒಂದು ಬೇಸಿಗೆಯ ಕೊರೆಯುವ ಕೆಲಸಕ್ಕೆ ಮಾತ್ರ. ಚಳಿಗಾಲದಲ್ಲಿ ಆ ಕಡಲು ಅಂಥ ಕೆಲಸಕ್ಕೆ ಬಿಡುವುದಿಲ್ಲ. ಮುಂದೆ ಎರಡು ಆಯ್ಕೆಗಳಿದ್ದವು. ಮೊದಲನೆಯದು, ಕ್ಷೇತ್ರದ ಎರಡು ಅಂಚುಗಳಲ್ಲಿ ಎರಡು ನೇರ ಬಾವಿ ಕೊರೆದು ಎಣ್ಣೆ ಎಲ್ಲಿಯವರೆಗೆ ಹರಡಿದೆ ಎಂದು ಖಚಿತ ಮಾಡಿಕೊಳ್ಳುವುದು. ಎರಡನೆಯದು, ನಡುವೆ ಒಂದೇ ಅಡ್ಡ ಬಾವಿ ಕೊರೆದು, ಪಂಪು ಇಳಿಸಿ, ವಾರಗಟ್ಟಲೆ ಎಣ್ಣೆ ತೆಗೆದು ನೋಡುವುದು.

ತಂಡದ ಬಹುಪಾಲು ಜನ ಮೊದಲನೆಯದರ ಪರವಾಗಿದ್ದರು. ನಾನೂ ಅವರಲ್ಲೊಬ್ಬಳು. ಎಣ್ಣೆಯ ಒಟ್ಟು ಪ್ರಮಾಣ ಕಾಗದದ ಮೇಲೆ ಹೆಚ್ಚಾದರೆ ಹಣ ಹಾಕುವವರು ಬರುತ್ತಾರೆ ಎಂಬುದು ಎಲ್ಲರ ನಂಬಿಕೆ. ಅದರ ಮೇಲೆ ಬೆಲೆ ಕುಸಿಯಿತು. ಏಪ್ರಿಲ್ 20ರಂದು ಅಮೆರಿಕದ ಡಬ್ಲ್ಯುಟಿಐ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು, ಬ್ಯಾರೆಲ್‌ಗೆ ಮೈನಸ್ 37 ಡಾಲರ್ ದಾಟಿತು. ಆ ವರ್ಷದ ಕೊರೆತವನ್ನು ಕಂಪನಿ ಮುಂದೂಡಿತು. ನನಗೆ ಆಗ ದಿಕ್ಕು ತೋಚಲಿಲ್ಲ. ಈಗ ಹಿಂದಿರುಗಿ ನೋಡಿದರೆ, ಕೈಕಟ್ಟಿ ಕುಳಿತ ಆ ತಿಂಗಳುಗಳಲ್ಲೇ ನಮ್ಮ ಪ್ರಶ್ನೆ ಸರಿಯಾಯಿತು.

ನನ್ನನ್ನು ಕಾಡುತ್ತಿದ್ದದ್ದು ಎರಡು ಪ್ರಯೋಗಾಲಯ ವರದಿಗಳು. ಒಂದು ಬಾವಿಯ ತೈಲದ ಸ್ನಿಗ್ಧತೆ 380 ಎಂದಿತ್ತು. ಇನ್ನೊಂದರದು 1,050. ಎರಡೂ ಒಂದೇ ಉಷ್ಣತೆಯಲ್ಲಿ ಅಳೆದವು. ಬಾವಿಗಳ ನಡುವಿನ ದೂರ ಕೆಲವೇ ಕಿಲೋಮೀಟರ್. ತಂಡ ಇವೆರಡರ ಸರಾಸರಿಯಂತೆ 700ನ್ನು ಹಿಡಿದು ಮುಂದುವರಿದಿತ್ತು. ಬಾವಿಯ ಇಳುವರಿ ಬಹುಮಟ್ಟಿಗೆ ಸ್ನಿಗ್ಧತೆಗೆ ವಿಲೋಮ: ಎಣ್ಣೆ ಮೂರು ಪಟ್ಟು ಗಟ್ಟಿಯಾದರೆ ಇಳುವರಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಿರುವಾಗ ಸರಾಸರಿ ಯಾವ ಉತ್ತರವೂ ಅಲ್ಲ.

ಸೀಸೆ

ಮೇ ತಿಂಗಳ ಒಂದು ಭಾನುವಾರ ಚಳ್ಳಕೆರೆಯ ದೊಡ್ಡಪ್ಪನ ಫೋನ್ ಬಂತು. ಕೆಲಸದ ಮಾತು ಬಂದಾಗ ಎರಡು ವರದಿಗಳ ಗೋಳನ್ನು ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ತೆಳ್ಳಗಿರುವ ಮಾಲಿಗೆ ಬೇರೆ ಎಣ್ಣೆ ಬೆರೆತಿಲ್ಲ ಎಂದು ಯಾರು ಹೇಳಿದರಮ್ಮ?"

ಪ್ರಯೋಗಾಲಯದವರು ನೋಡಿರುತ್ತಾರೆ ದೊಡ್ಡಪ್ಪ ಎಂದೆ. "ಕಣ್ಣಿಗೆ ಕಾಣುವುದಿಲ್ಲ. ಹರಳೆಣ್ಣೆಗೆ ಐದರಲ್ಲಿ ಒಂದು ಪಾಲು ಶೇಂಗಾ ಎಣ್ಣೆ ಬೆರೆಸಿದರೆ ಬಣ್ಣದಲ್ಲಿ ನೀನು ಹಿಡಿಯಲಾರೆ. ಸೀಸೆಗೆ ತುಂಬಿ, ಮೇಲೆ ಬೆರಳಗಲ ಜಾಗ ಬಿಟ್ಟು, ಬಿರಡೆ ಹಾಕಿ ತಲೆಕೆಳಗು ಮಾಡು. ಗುಳ್ಳೆ ಏರುವುದನ್ನು ಎಣಿಸು. ಗುಳ್ಳೆ ಸುಳ್ಳು ಹೇಳುವುದಿಲ್ಲ" ಎಂದರು.

ಅಜ್ಜಿಯ ಕಪಾಟಿನಲ್ಲಿ ಹರಳೆಣ್ಣೆ ಇತ್ತು, ಅಡುಗೆಮನೆಯಲ್ಲಿ ಶೇಂಗಾ ಎಣ್ಣೆ. ಒಂದೇ ಅಳತೆಯ ಮೂರು ಔಷಧಿ ಸೀಸೆಗಳನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಒಂದಕ್ಕೆ ಶೇಂಗಾ, ಒಂದಕ್ಕೆ ಹರಳೆಣ್ಣೆ, ಮೂರನೆಯದಕ್ಕೆ ಐದನೇ ಒಂದು ಪಾಲು ಶೇಂಗಾ ಬೆರೆಸಿದ ಹರಳೆಣ್ಣೆ ತುಂಬಿದೆ. ಕಿಟಕಿಯ ಬೆಳಕಿಗೆ ಹಿಡಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ಕಾಣಲಿಲ್ಲ. ತಲೆಕೆಳಗು ಮಾಡಿದೆ. ಶೇಂಗಾ ಎಣ್ಣೆಯಲ್ಲಿ ಗುಳ್ಳೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಿತ್ತು. ಹರಳೆಣ್ಣೆಯಲ್ಲಿ ಅದು ಮೊದಲು ಚಪ್ಪಟೆಯಾಯಿತು, ಆಮೇಲೆ ಮೊಟ್ಟೆಯಂತೆ ಉದ್ದವಾಗಿ, ಗಾಜಿಗೆ ಅಂಟಿದಂತೆ ನಿಧಾನವಾಗಿ ಏರಿತು. ಐದು ಎಣಿಸಿದೆ. ಬೆರಕೆಯದರಲ್ಲಿ ಮೂರು ಎಣಿಸುವಷ್ಟರಲ್ಲಿ ಮುಗಿಯಿತು. ಬಣ್ಣದ ಉದ್ಯಮದವರು ಇದೇ ತತ್ತ್ವದ ಗುಳ್ಳೆ ಮಾಪಕವನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ ಎಂಬುದು ನನಗೆ ಗೊತ್ತಿತ್ತು. ದೊಡ್ಡಪ್ಪನ ಮಿಲ್ಲಿನಲ್ಲೂ ಅದು ಇತ್ತು ಎಂದು ಗೊತ್ತಿರಲಿಲ್ಲ.

ಮರುದಿನ ಹಳೆಯ ಬಾವಿಗಳ ಕೊರೆತದ ದಿನಚರಿಯನ್ನು ತರಿಸಿದೆ. ಬಾವಿ ಕೊರೆಯುವಾಗ ಕಲ್ಲನ್ನು ಕಡಿಯುವ ತುದಿಯನ್ನು ತಣ್ಣಗಿಡಲು, ಕಲ್ಲಿನ ಪುಡಿಯನ್ನು ಮೇಲಕ್ಕೆ ತರಲು ಮಡ್ ಎಂಬ ದ್ರವ ಸುತ್ತಿಸುತ್ತಾರೆ. ಅದನ್ನು ನೀರಿನಿಂದಲೂ ಮಾಡಬಹುದು, ತೆಳು ಎಣ್ಣೆಯಿಂದಲೂ ಮಾಡಬಹುದು. 380 ತೋರಿಸಿದ ಬಾವಿಯನ್ನು ಎಣ್ಣೆಯ ಮಡ್‌ನಿಂದ ಕೊರೆದಿದ್ದರು. ಅದು ಕಲ್ಲಿನೊಳಗೆ ಇಂಗಿ ಮಾದರಿಗೆ ಸೇರಿಕೊಳ್ಳುತ್ತದೆ. ಅಷ್ಟು ತೆಳುವಾದ ಎಣ್ಣೆ ಹತ್ತರಲ್ಲಿ ಒಂದು ಪಾಲು ಬೆರೆತರೂ ಸಾಕು, ಗಟ್ಟಿ ತೈಲದ ಸ್ನಿಗ್ಧತೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ನನ್ನ ಮಾತನ್ನು ಭೂವಿಜ್ಞಾನಿ ಒಪ್ಪಲಿಲ್ಲ. ಅವರ ವಾದವೂ ಗಟ್ಟಿಯಾಗಿತ್ತು. ಎರಡನೆಯ ಮಾದರಿಯಲ್ಲಿ ನೀರಿನ ಹನಿಗಳು ಎಣ್ಣೆಯಲ್ಲಿ ಸಿಕ್ಕಿಕೊಂಡಿದ್ದರೆ ಅದು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ, ಹಾಗಾಗಿ ತಪ್ಪು 1,050ರದ್ದೂ ಇರಬಹುದು ಎಂದರು. ಅನುಮಾನ ಎರಡೂ ಕಡೆ ಸಮವಾಗಿತ್ತು. ಇಂಥ ಹೊತ್ತಿನಲ್ಲಿ ಗಟ್ಟಿ ದನಿಯವರ ಮಾತು ಗೆಲ್ಲುತ್ತದೆ. ನಮ್ಮ ವ್ಯವಸ್ಥಾಪಕರು ಹಾಗಾಗಲು ಬಿಡಲಿಲ್ಲ, ಅದಕ್ಕೆ ನಾನು ಇಂದಿಗೂ ಅವರಿಗೆ ಋಣಿ. ಅವರು ಕೇಳಿದ್ದು ಒಂದೇ: "ಹೊಸ ಬಾವಿ ಕೊರೆಯದೆ ಇದನ್ನು ತೀರ್ಮಾನಿಸುವ ದಾರಿ ಇದೆಯೇ?"

ಇತ್ತು. ಎರಡೂ ಬಾವಿಗಳಿಂದ ತೆಗೆದ ಕಲ್ಲಿನ ಕಂಬಗಳು, ನಾವು ಕೋರ್ ಎನ್ನುವುದು, ಉಗ್ರಾಣದಲ್ಲಿ ಮೇಣ ಮುಚ್ಚಿಕೊಂಡು ಬಿದ್ದಿದ್ದವು. ಕಂಬದ ಹೊರಮೈಯನ್ನು ಬಿಟ್ಟು ನಟ್ಟನಡುವಿನ ತುಣುಕನ್ನು ತೆಗೆದು, ವೇಗವಾಗಿ ತಿರುಗಿಸಿ ಎಣ್ಣೆ ಹಿಂಡಿದರು. ಮಡ್‌ನ ಎಣ್ಣೆ ಎಷ್ಟು ಬೆರೆತಿದೆ ಎಂದು ಅದರ ರಾಸಾಯನಿಕ ಗುರುತಿನಿಂದ ಅಳೆದು ಕಳೆದರು. ಕೊರೆಯುವ ಖರ್ಚಿನ ಮುಂದೆ ಈ ಖರ್ಚು ಲೆಕ್ಕಕ್ಕೇ ಇಲ್ಲ.

ಉತ್ತರ ನಮ್ಮಿಬ್ಬರನ್ನೂ ಸುಮ್ಮನಾಗಿಸಿತು. ಪದರದ ಮೇಲ್ಭಾಗದಲ್ಲಿ ಸ್ನಿಗ್ಧತೆ 600ರ ಹತ್ತಿರ, ತಳದಲ್ಲಿ 1,400ರ ಹತ್ತಿರ. ಎಣ್ಣೆ ಒಂದೇ ಬಗೆಯದಾಗಿರಲಿಲ್ಲ, ಕೆಳಗಿಳಿದಂತೆ ಗಟ್ಟಿಯಾಗುತ್ತ ಹೋಗಿತ್ತು. ಎಣ್ಣೆಯ ಕೆಳಗೆ ನೀರಿದೆ. ಸೂಕ್ಷ್ಮಜೀವಿಗಳು ನೀರಿಗೆ ಹತ್ತಿರದ ಎಣ್ಣೆಯನ್ನೇ ಹೆಚ್ಚು ತಿಂದಿದ್ದವು. ಹಳೆಯ ಎರಡು ಮಾದರಿಗಳನ್ನು ಬೇರೆ ಬೇರೆ ಆಳದಿಂದ ತೆಗೆದಿದ್ದರು ಎಂಬುದನ್ನು ಅಷ್ಟು ದಿನ ಯಾರೂ ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ.

ಯಾವ ಬಾವಿ?

ಇದರಿಂದ ಚರ್ಚೆ ತಿರುಗಿತು. ಅಂಚಿನ ಬಾವಿಗಳು ಇನ್ನಷ್ಟು ಎಣ್ಣೆ ತೋರಿಸಬಹುದಿತ್ತು. ಆದರೆ ಅಂಚಿನಲ್ಲಿ ಎಣ್ಣೆಯ ಪದರ ತೆಳುವಾಗಿ ನೀರು ಹತ್ತಿರ ಬರುತ್ತದೆ, ಅಲ್ಲಿ ಸಿಗುವುದು ಅತಿ ಗಟ್ಟಿ ಎಣ್ಣೆ. ಆ ಎಣ್ಣೆ ಲೆಕ್ಕಕ್ಕೆ ಸೇರಿದರೂ ಹಡಗಿಗೆ ಸೇರುವುದಿಲ್ಲ. ಎರಡು ಬಾವಿಗಳು ಏನೇ ಹೇಳಲಿ, ಕ್ಷೇತ್ರ ಕಟ್ಟಬೇಕೋ ಬೇಡವೋ ಎಂಬ ನಿರ್ಧಾರ ಬದಲಾಗುವಂತಿರಲಿಲ್ಲ.

ಸಭೆಯಲ್ಲಿ ನಾನು ಹೊಳಲ್ಕೆರೆ ಹತ್ತಿರದ ನಮ್ಮ ಅಡಿಕೆ ತೋಟದ ಕಥೆ ಹೇಳಿದೆ. ಅಪ್ಪ ಕೊರೆಸಿದ ಬೋರ್‌ವೆಲ್ಲಿನಲ್ಲಿ ಮೊದಲ ದಿನ ಎರಡು ಇಂಚು ನೀರು ಬಂತು. ಮನೆಯಲ್ಲಿ ಪೂಜೆಯಾಯಿತು, ಹೊಸ ಸಸಿಗೆ ಗುಂಡಿ ತೋಡಿಸಿದರು. ಬೇಸಿಗೆಗೆ ಮೋಟಾರು ಹತ್ತು ನಿಮಿಷ ಓಡಿ ಗಾಳಿ ಎಳೆಯತೊಡಗಿತು. ಕೊರೆದ ದಿನದ ಇಂಚು ಬೇರೆ, ಏಪ್ರಿಲ್‌ನ ಇಂಚು ಬೇರೆ. ಕಡಲಡಿಯ ಬಾವಿಗೂ ನಾವು ಇಳಿಸುವುದು ಅದೇ ಸಬ್‌ಮರ್ಸಿಬಲ್ ಪಂಪಿನ ದೊಡ್ಡ ಅಣ್ಣನನ್ನು. ಅದನ್ನೂ ಓಡಿಸಿಯೇ ನೋಡಬೇಕು.

ಭಾರ ತೈಲದಲ್ಲಿ ಎಲ್ಲರೂ ಹೆದರುವುದು ನೀರಿಗೆ. ತೆಳು ನೀರು ಗಟ್ಟಿ ಎಣ್ಣೆಯನ್ನು ಸಮವಾಗಿ ತಳ್ಳುವುದಿಲ್ಲ. ಒಳದಾರಿ ಹುಡುಕಿ, ಬೆರಳು ಚಾಚಿದಂತೆ ನುಗ್ಗಿ ನೇರವಾಗಿ ಬಾವಿಗೆ ಬರುತ್ತದೆ. ಹಾಗಾಗಿ ಗೊತ್ತಾಗಬೇಕಾದದ್ದು ಎರಡು: ನೀರು ಎಷ್ಟು ದಿನಕ್ಕೆ ಬರುತ್ತದೆ, ಬಂದ ಮೇಲೆ ಎಣ್ಣೆ ಎಷ್ಟು ಉಳಿಯುತ್ತದೆ. ಕಂಪನಿ ಕೊನೆಗೆ ಒಂದೇ ಅಡ್ಡ ಬಾವಿಯನ್ನು ಆರಿಸಿತು. ಸ್ನಿಗ್ಧತೆಯ ಹೊಸ ನಕ್ಷೆ ಹಿಡಿದು, ಅದನ್ನು ಮೊದಲು ಯೋಚಿಸಿದ್ದಕ್ಕಿಂತ ಮೇಲೆ, ಪದರದ ನೆತ್ತಿಯ ಹತ್ತಿರ ಮಲಗಿಸಲು ತೀರ್ಮಾನವಾಯಿತು.

ಪರೀಕ್ಷೆ

ಮುಂದಿನ ವರ್ಷದ ಬೇಸಿಗೆಯಲ್ಲಿ ಕೊರೆತ ನಡೆಯಿತು. ಮರಳು ಸಡಿಲವಾಗಿದ್ದರಿಂದ ಬಾವಿಯುದ್ದಕ್ಕೂ ಜರಡಿ ಕೊಳವೆ ಇಳಿಸಿದರು. 60 ದಿನಗಳ ಪರೀಕ್ಷೆ ಎಂದು ಯೋಜಿಸಿದ್ದೆವು. ಮೊದಲ ಎರಡು ವಾರ ಬರಿಯ ಎಣ್ಣೆ, ನನ್ನ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ. ನೀರು 40ನೇ ದಿನದ ಸುಮಾರಿಗೆ ಬರಬೇಕಿತ್ತು. ಅದು 19ನೇ ದಿನ ಬಂತು.

ಅದರ ಜೊತೆಗೇ ಇನ್ನೊಂದು ಕಷ್ಟ. ಪಂಪು ನೀರನ್ನೂ ಎಣ್ಣೆಯನ್ನೂ ಒಟ್ಟಿಗೆ ಕಡೆದು ಎಮಲ್ಷನ್ ಮಾಡತೊಡಗಿತು. ಮಜ್ಜಿಗೆ ಕಡೆದರೆ ಬೆಣ್ಣೆ ಬೇರೆಯಾಗುತ್ತದೆ, ಇಲ್ಲಿ ಕಡೆದಷ್ಟೂ ಎರಡೂ ಕೂಡಿಕೊಂಡು ಗಟ್ಟಿಯಾಗುತ್ತಿತ್ತು. ಪಂಪಿನ ಮೇಲೆ ಹೊರೆ ಬಿದ್ದು ಅದು ಒಂದೇ ದಿನ ನಾಲ್ಕು ಬಾರಿ ನಿಂತಿತು. ನೀರು ಬಿಡಿಸುವ ರಾಸಾಯನಿಕವನ್ನು ನಾವು ಹಡಗಿನ ಮೇಲೆ ಹಾಕುತ್ತಿದ್ದೆವು. ಕೊಳವೆಯ ಕೆಲಸ ನೋಡುವ ಹಿರಿಯ ತಂತ್ರಜ್ಞರೊಬ್ಬರು ಅದನ್ನು ಕೆಳಗೆ, ಪಂಪಿನ ಬಾಯಿಗೇ ಕೊಡಬೇಕು ಎಂದರು. ಅದಕ್ಕೊಂದು ಸಣ್ಣ ಕೊಳವೆಯನ್ನು ಮೊದಲೇ ಇಳಿಸಿದ್ದದ್ದು ನಮ್ಮ ಪುಣ್ಯ. ಎರಡು ದಿನಗಳಲ್ಲಿ ಪಂಪು ಸುಧಾರಿಸಿತು.

22ನೇ ದಿನದ ಸಭೆ ಈ ಪ್ರಕರಣದ ನಡುಘಟ್ಟ. ದಿನದ ಬಾಡಿಗೆಯೇ ಕಂಪನಿಯನ್ನು ಹಿಂಡುತ್ತಿತ್ತು. ನೀರು ಬಂದಾಯಿತು, ನಿಲ್ಲಿಸೋಣ ಎಂಬ ಮಾತು ಬಂತು. ಹಗುರ ತೈಲದ ಕ್ಷೇತ್ರಗಳಲ್ಲಿ ಕೆಲಸ ಮಾಡಿ ಬಂದವರಿಗೆ ನೀರು ಎಂದರೆ ಬಾವಿಯ ಮುಪ್ಪು. ಭಾರ ತೈಲದಲ್ಲಿ ಅದು ಬಾಲ್ಯವೇ ಸರಿ: ಇಂಥ ಕ್ಷೇತ್ರಗಳ ಎಣ್ಣೆಯ ದೊಡ್ಡ ಪಾಲು ಬರುವುದು ನೀರಿನ ಜೊತೆಗೇ. ಈಗ ನಿಲ್ಲಿಸಿದರೆ ಇಷ್ಟು ಹಣ ಸುರಿದು ಸುಲಭದ ಅರ್ಧವನ್ನು ಮಾತ್ರ ಕಲಿತಂತೆ ಎಂದೆ. ನನ್ನ ಲೆಕ್ಕ 21 ದಿನ ತಪ್ಪಿದ್ದನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳಬೇಕಾಗಿತ್ತು. ಹಾಗೆಯೇ ಹೇಳಿದೆ. ಇನ್ನೂ ನಾಲ್ಕು ವಾರ ಸಿಕ್ಕಿತು.

ಆ ವಾರಗಳೇ ಕ್ಷೇತ್ರವನ್ನು ಉಳಿಸಿದವು. ನೀರಿನ ಪಾಲು ಭರದಿಂದ ಏರಿ ಅರ್ಧ ಮುಟ್ಟಿತು. ಅಲ್ಲಿಂದ ಏರಿಕೆ ತೀರಾ ನಿಧಾನವಾಯಿತು. ಪಂಪಿನ ವೇಗ ಹೆಚ್ಚಿಸಿ ಒಟ್ಟು ದ್ರವವನ್ನು ಹೆಚ್ಚು ಎಳೆದರೆ ಎಣ್ಣೆಯೂ ಹೆಚ್ಚು ಬಂತು. ಅಂದರೆ ಈ ಕ್ಷೇತ್ರ ಬದುಕುವುದು ನೀರನ್ನು ತಡೆಯುವುದರಿಂದಲ್ಲ, ಬಂದ ನೀರನ್ನು ಸಂಭಾಳಿಸುವುದರಿಂದ.

ತಪ್ಪೊಂದು ನನ್ನಿಂದಲೇ ಆಯಿತು. 40ನೇ ದಿನ ಬಿರುಗಾಳಿ ಎದ್ದು ಬಾವಿಯನ್ನು ಮೂರು ದಿನ ಮುಚ್ಚಬೇಕಾಯಿತು. ಮುಚ್ಚುವ ಮೊದಲು ಕೊಳವೆಯಲ್ಲಿನ ಎಣ್ಣೆಯನ್ನು ತಳ್ಳಿ ಡೀಸೆಲ್ ತುಂಬಬೇಕು, ಇಲ್ಲವಾದರೆ ಕಡಲಡಿಯ ಚಳಿಗೆ ಅದು ಟಾರಿನಂತಾಗುತ್ತದೆ. ಒಂದು ಬಾರಿಗೆ ಸಾಕಾಗುವಷ್ಟು ಡೀಸೆಲ್ ಮಾತ್ರ ಯೋಜನೆಯಲ್ಲಿತ್ತು, ಅದರಲ್ಲೂ ಸ್ವಲ್ಪ ಪಂಪು ನಿಂತ ದಿನಗಳಲ್ಲಿ ಖರ್ಚಾಗಿತ್ತು. ಕೊಳವೆಯ ಒಂದು ಭಾಗ ಎಣ್ಣೆಯಿಂದಲೇ ತುಂಬಿ ಉಳಿಯಿತು. ಮತ್ತೆ ಹರಿಸಲು ಐದು ದಿನ ಹೆಣಗಿದರು. ಆ ಐದು ರಾತ್ರಿ ನಾನು ಮಲಗಲಿಲ್ಲ. ಚಳಿಯಲ್ಲಿ ಡೆಕ್ ಮೇಲೆ ನಿಂತವರಿಗೆ ನನ್ನ ಹಾಳೆಯ ಮೇಲಿನ ಒಂದು ಸಂಖ್ಯೆಯಿಂದ ಆ ಕಷ್ಟ ಬಂದಿತ್ತು. ಈಗ ಯಾವ ಯೋಜನೆಗೂ ಮೊದಲು ನಾನು ಬರೆಯುವುದು ಬಾವಿ ನಿಂತರೆ ಏನು ಎಂಬ ಪುಟವನ್ನು.

ಆಮೇಲೆ

ಪರೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಇಡೀ ಯೋಜನೆಯನ್ನು ಬಿಚ್ಚಿ ಕಟ್ಟಿದೆವು. ತೆಗೆಯಬಹುದಾದ ಎಣ್ಣೆ ಒಟ್ಟಿನ ಐದನೇ ಒಂದು ಭಾಗ ಎಂದಿದ್ದದ್ದು ಎಂಟನೇ ಒಂದು ಭಾಗಕ್ಕೆ ಇಳಿಯಿತು. ಕಂಪನಿಯ ಮುಖ್ಯಸ್ಥರಿಗೆ ಇದು ಕಹಿಯಾಯಿತು. ಒಂದೇ ಸಲಕ್ಕೆ ಕಡಲಿನಲ್ಲಿ ಎಣ್ಣೆ ತೆಗೆಯುವ ದೊಡ್ಡ ವೇದಿಕೆ ಕಟ್ಟುವ ಯೋಚನೆ ಬಿಟ್ಟು, ಮೊದಲ ಹಂತಕ್ಕೆ ಕಡಿಮೆ ಬಾವಿಗಳು, ಅವೆಲ್ಲ ಪದರದ ನೆತ್ತಿಯಲ್ಲಿ ಎಂದಾಯಿತು. ನೀರು ಬೇರ್ಪಡಿಸುವ ಯಂತ್ರಗಳ ಸಾಮರ್ಥ್ಯವನ್ನು ಮೊದಲ ಯೋಜನೆಯ ಎರಡರಷ್ಟಕ್ಕೂ ಹೆಚ್ಚಿಸಿದೆವು. ಒಳಕ್ಕೆ ತಳ್ಳುವ ನೀರಿಗೆ ಮುಂದೆ ಪಾಲಿಮರ್ ಬೆರೆಸಿ ಅದನ್ನೂ ಗಟ್ಟಿ ಮಾಡುವುದಕ್ಕೆ ಜಾಗ ಬಿಟ್ಟೆವು. ರಾಜಸ್ಥಾನದ ಮಂಗಳಾ ಕ್ಷೇತ್ರದಲ್ಲಿ, ಕಡಲಿನಲ್ಲಿ ಕ್ಯಾಪ್ಟನ್‌ನಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ.

ಹಣ ಹಾಕಲು ಬಂದ ದೊಡ್ಡ ಪಾಲುದಾರರು ಮೊದಲು ಕೇಳಿದ್ದು ಒಟ್ಟು ಎಣ್ಣೆಯ ಲೆಕ್ಕವನ್ನಲ್ಲ, 19ನೇ ದಿನದಿಂದ ಕೊನೆಯ ದಿನದವರೆಗಿನ ನೀರಿನ ರೇಖೆಯನ್ನು. ಅವರ ಎಂಜಿನಿಯರ್ ಮೂರು ದಿನ ಅದೊಂದೇ ರೇಖೆಯ ಮೇಲೆ ಕುಳಿತರು. ಒಪ್ಪಂದವಾಯಿತು. ಎಂಟನೇ ಒಂದು ಭಾಗ ಎಂಬ ಕಡಿಮೆ ಸಂಖ್ಯೆಯನ್ನು ಅವರು ನಂಬಿದರು. ಐದನೇ ಒಂದು ಭಾಗವನ್ನು ಅದಕ್ಕೂ ಮೊದಲು ಬಂದ ಇಬ್ಬರು ನಂಬಿರಲಿಲ್ಲ.

ಕಳೆದ ದೀಪಾವಳಿಗೆ ಚಳ್ಳಕೆರೆಗೆ ಹೋದಾಗ ಸ್ನಿಗ್ಧತೆಯ ನಕ್ಷೆಯನ್ನು ದೊಡ್ಡಪ್ಪನಿಗೆ ತೋರಿಸಿದೆ, ಊರು ಕೇರಿಯ ಗುರುತುಗಳನ್ನೆಲ್ಲ ಅಳಿಸಿ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನೆತ್ತಿಯಲ್ಲಿ ತಿಳಿ ಹಳದಿ, ಕೆಳಗಿಳಿದಂತೆ ಕಂದು. ಉತ್ತರದ ತುದಿಯಲ್ಲಿ ಮಾತ್ರ ಖಾಲಿ ಬಿಳಿ. "ಇಲ್ಲಿ ಏನಿದೆಯಮ್ಮ?" ಎಂದು ಅದರ ಮೇಲೆ ಬೆರಳಿಟ್ಟರು. ಅಲ್ಲಿಂದ ನಂಬುವಂಥ ಒಂದು ಮಾದರಿಯೂ ಇನ್ನೂ ಬಂದಿಲ್ಲ ದೊಡ್ಡಪ್ಪ, ಎರಡನೆಯ ಹಂತದಲ್ಲಿ ಅಲ್ಲೊಂದು ಬಾವಿ ಕೊರೆದು ಕೋರ್ ತೆಗೆಯುವವರೆಗೆ ಬಣ್ಣ ತುಂಬುವುದಿಲ್ಲ ಎಂದೆ. ಅವರು ತಲೆಯಾಡಿಸಿ ನಕ್ಷೆಯನ್ನು ಮಡಚಿ ಕೊಟ್ಟರು.